ಎರವಲು ತಂದ ಅಜ್ಜಿಮನೆ

ಸೊಲ್ಲಾಪುರದ ಕನ್ನಡ ಕೂಟವೊಂದರಲ್ಲಿ ಹಿರಿಯ ಉಪಾಧ್ಯಾಯರೊಬ್ಬರು ಅಪ್ಪಣೆ ಕೊಡಿಸಿದರು: ಗಡಿನಾಡಿನ ಮಕ್ಕಳಿಗೆ ಈಗ ಬೇಕಾದುದು ವೀರರಸ, ಅತ್ತೆ-ಸೊಸೆ, ನಲ್ಲಿ-ಕೊಡ, ಪಕ್ಕದ ಮನೆಯ ಸಕ್ಕರೆ ಎಂಬ ಹರಟೆಗಳು ಹೊತ್ತು ಹೋಗದವರ ಸಾಹಿತ್ಯ. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಕಾರಣವನ್ನು ಅಲ್ಲಿಯೇ ಹೇಳುವ ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ.

1898ರ ಪ್ಲೇಗಿನ ತರುವಾಯ ಬೆಂಗಳೂರಿನ ಅನೇಕರು ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳಿಗೆ ಹೊರಟರು. ಗುಮಾಸ್ತರ, ಮೇಷ್ಟರ ಸಂಸಾರಗಳು. ಇಪ್ಪತ್ತನೆಯ ತಾರೀಖಿಗೇ ಮುಗಿಯುವ ಸಂಬಳ. ಇಂಥ ಮನೆಗಳ ನಗೆಗೆ 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ' 1967ರವರೆಗೆ ನೆಲೆಯಾಗಿತ್ತು. ಹೆಂಡತಿಯ ಅಡಿಗೆಯನ್ನು ಗೇಲಿಮಾಡಿ ನಗಿಸಿದ ಗಂಡಸರು ಕನ್ನಡದಲ್ಲಿ ಬೇಕಾದಷ್ಟು. ಅಡಿಗೆಮನೆಯ ಒಳಗಿನಿಂದಲೇ ನಕ್ಕ ಟಿ. ಸುನಂದಮ್ಮನಂಥವರು ಅಪರೂಪ. ಇದನ್ನು ಹೊತ್ತುಗಳೆಯುವಿಕೆ ಎನ್ನುವವರೊಡನೆ ವಾದಿಸಿ ಫಲವಿಲ್ಲ.

ನನ್ನ ಜಗಳ ಅವರೊಡನೆ ಮಾತ್ರವಲ್ಲ, ನನ್ನೊಡನೆಯೂ ಇದೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ 'ನಮ್ಮ ಮನೆ' ಎಂಬ ಪ್ರಬಂಧ ಬರೆದ. ತೆಂಗಿನ ತೋಟ, ಹಿತ್ತಿಲ ಮಲ್ಲಿಗೆ, ತುಂಬಿ ಹರಿಯುವ ಹೊಳೆ, ಬಿಂದಿಗೆ ಹಾಲು ಕೊಡುವ ಕಪಿಲೆ, ಕಥೆ ಹೇಳುವ ಅಜ್ಜಿ. ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಅವನ ಮನೆಯನ್ನು ನಾನು ಕಂಡಿದ್ದೆ! ಊರಂಚಿನ ಎರಡು ಕೋಣೆಗಳ ಮನೆ. ಎಡಕ್ಕೆ ತೆಲುಗು ನೇಕಾರರ ಮಗ್ಗದ ಖಟಪಟ, ಬಲಕ್ಕೆ ಮರಾಠಿ ಕಂಡಕ್ಟರರ ರೇಡಿಯೋ. ನಲ್ಲಿಗೆ ನೀರು ನಾಲ್ಕು ದಿನಕ್ಕೊಮ್ಮೆ. ಹೊಳೆ ಎಲ್ಲಿಂದ ಬಂತು? ಗೈಡಿನಿಂದ ಬಂತು. ನಾನು ಅಂಕ ಕೊಟ್ಟುದು ಹುಡುಗನಿಗಲ್ಲ, ಗೈಡಿಗೆ.

ಅದೇ ದಿನ ಮಧ್ಯಾಹ್ನದ ಬಿಡುವಿನಲ್ಲಿ ಅವನು ಗೆಳೆಯರಿಗೆ ತನ್ನ ನಿಜವಾದ ಅಜ್ಜಿಯ ಸಂಗತಿ ಹೇಳುತ್ತಿದ್ದ. ಬಾಗಿಲಿಗೆ ಕಾಯಿಪಲ್ಲೆಯವಳು ಬಂದಳು. ಅಜ್ಜಿ ತನಗೆ ಬಂದಷ್ಟು ಮರಾಠಿಯಲ್ಲಿ, "ಕೋಥಿಂಬೀರ್ ಕಶೀ ದಿಲೀ?" ಎಂದು ಆರಂಭಿಸಿ ಕಾಲು ಗಂಟೆ ಚೌಕಾಸಿ ಮಾಡಿದಳು. ವ್ಯಾಪಾರ ಮುಗಿದು ಬುಟ್ಟಿ ಎತ್ತುವಾಗ ಆಕೆ ನಿಟ್ಟುಸಿರಿಟ್ಟು, "ಯವ್ವಾ, ನಾನೂ ಕನ್ನಡದಾಕಿನ, ಅಕ್ಕಲಕೋಟಿ ಕಡೆಯಾಕಿ" ಎಂದಳಂತೆ. ಅಜ್ಜಿ ಹಣೆ ಬಡಿದುಕೊಂಡು, "ಮೊದಲ ಹೇಳಬಾರದೇನವಾ? ಕನ್ನಡದಾಗ ಆಗಿದ್ರ ಇನ್ನೂ ಎರಡು ರೂಪಾಯಿ ಇಳಸ್ತಿದ್ನಿ!"

ಹುಡುಗರು ಬಿದ್ದು ಬಿದ್ದು ನಕ್ಕರು. ಬಾಗಿಲ ಮರೆಯಲ್ಲಿ ನಿಂತು ನಾನೂ ನಕ್ಕೆ, ಅನಂತರ ನಾಚಿದೆ. 1956ರ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದ ಕಥೆಯನ್ನು ನಾನು ಪ್ರತಿ ನವೆಂಬರಿನಲ್ಲಿ ಮುಷ್ಟಿ ಬಿಗಿದು ಹೇಳುತ್ತೇನೆ. ಇಬ್ಬರು ಕನ್ನಡದ ಹೆಂಗಸರು ಪರಸ್ಪರ ಗುರುತು ಸಿಗದೆ ಹರಕು ಮರಾಠಿಯಲ್ಲಿ ಗುದ್ದಾಡುವ ಊರು ನಮ್ಮದಾಯಿತು ಎಂಬುದನ್ನು ಮಾತ್ರ ನಾನೆಂದೂ ಹೇಳಿರಲಿಲ್ಲ. ಆ ಮುದುಕಿಗೆ ಅದಕ್ಕೆ ಒಂದು ಕಟ್ಟು ಕೊತ್ತಂಬರಿ ಸಾಕಾಯಿತು.

"ಇದನ್ನೇಕೆ ಬರೆಯಲಿಲ್ಲ?" ಎಂದು ಕೇಳಿದೆ. "ಅದರಾಗ ಮರಾಠಿ ಐತಲ್ರಿ ಸರ್, ನೀವು ಕೆಂಪು ಗೆರಿ ಎಳೀತೀರಿ" ಎಂದ. ನಿಜ. ಹಿಂದಿನ ತಿಂಗಳು ಅವನ 'ಭಕ್ಕರಿ'ಯನ್ನು ಹೊಡೆದು ಮೇಲೆ 'ರೊಟ್ಟಿ' ಎಂದು ಬರೆದವನು ನಾನೇ.

ಬೆಂಗಳೂರಿನ ವಠಾರದಲ್ಲಿ ಬೆಳೆದವರು ಇಂದು ಸ್ವಂತ ಮನೆಯ ಜಗಲಿಯಲ್ಲಿ ಕುಳಿತು ಅಲ್ಲಿನ ಒಂಟಿ ನಲ್ಲಿಯನ್ನು ಹಂಬಲಿಸಿ ಬರೆಯಲಿ. ಅವರು ಅದನ್ನು ಬಾಳಿದವರು. (ಬೆಳಗಿನ ನಾಲ್ಕು ಗಂಟೆಗೆ ಆ ನಲ್ಲಿಯ ಮುಂದೆ ಕೊಡವಿಟ್ಟು ನಿಂತ ತಾಯಂದಿರೂ ಹಂಬಲಿಸುತ್ತಾರೆಯೆ ಎಂದು ಯಾರೂ ಕೇಳಿದಂತಿಲ್ಲ.) ಆದರೆ ಹನ್ನೆರಡು ವರ್ಷದ ಹುಡುಗನಿಗೆ ಮತ್ತೊಬ್ಬರ ಹಂಬಲವನ್ನು ಬಾಯಿಪಾಠ ಮಾಡಿಸುವುದು ಯಾವ ಸೀಮೆಯ ಶಿಕ್ಷಣ? ನಲವತ್ತರಲ್ಲಿ ಅವನು ತನ್ನ ಮನೆಯನ್ನು ನೆನೆದಾಗ ಕನ್ನಡದಲ್ಲಿ ಅವನಿಗೆ ಸಿಗುವುದು ಇಲ್ಲದ ಹೊಳೆ. ಇದ್ದ ಅಜ್ಜಿ ಬೇರೆ ಭಾಷೆಯ ಪಾಲಾಗಿರುತ್ತಾಳೆ.

ಭಾಷೆ ಕೆಡುವುದೆಂದು ಹೆದರುವಿರೊ, ಉಪಾಧ್ಯಾಯ ಬಂಧುಗಳೆ? ಆ ಅಜ್ಜಿಯ ಕನ್ನಡ ಎಪ್ಪತ್ತು ವರ್ಷ ಈ ಊರಿನಲ್ಲಿ ಬಾಳಿಯೂ ಕೆಟ್ಟಿಲ್ಲ. ನಮ್ಮ ಕೆಂಪು ಶಾಯಿಯನ್ನು ತಡೆದುಕೊಳ್ಳುವುದೋ ಇಲ್ಲವೋ, ಅದನ್ನು ಹೇಳಲಾರೆ.

ಮುಂದಿನ ಪರೀಕ್ಷೆಗೆ ನಾನು ಕೊಡಲಿರುವ ವಿಷಯ 'ನಲ್ಲಿಗೆ ನೀರು ಬಂದ ದಿನ'. ವಿದ್ಯಾರ್ಥಿಗಳೆ, ಹೊಳೆ ಹರಿಸಿದವರಿಗೆ ಸೊನ್ನೆ. ಆ ಹುಡುಗನ ಎಂಟು ಅಂಕಗಳನ್ನು ಮಾತ್ರ ನಾನು ಹಿಂದಕ್ಕೆ ಪಡೆಯಲಿಲ್ಲ. ಅವನ್ನು ಅಜ್ಜಿಯ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.