ಪೆನ್ಸಿಲ್ ಸಹಿಗೆ ಎಷ್ಟು ಬೆಲೆ?

ಸ್ಕ್ರೀನ್ ಪ್ರಿಂಟ್ ಸಂಗ್ರಹಿಸುವವರು ಚಿತ್ರದ ಮುಖ ನೋಡುವ ಮೊದಲು ಅದರ ಕೆಳಗಿನ ಅಂಚು ನೋಡುತ್ತಾರೆ. ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಬದಿಗೆ 17/250 ಎಂಬಂಥ ಸಂಖ್ಯೆ, ಇನ್ನೊಂದು ಬದಿಗೆ ಕಲಾವಿದರ ಸಹಿ ಇರಬೇಕು. ಇದ್ದರೆ ಲಕ್ಷದ ಮಾತು. ಇಲ್ಲದಿದ್ದರೆ ಅದೇ ಚಿತ್ರ, ಅದೇ ಬಣ್ಣ, ಅದೇ ಕಾಗದ ಬರೀ ಪೋಸ್ಟರ್. ಮಾರುಕಟ್ಟೆ ಇದಕ್ಕೆ ರಸಿಕತೆ ಎಂಬ ಹೆಸರಿಟ್ಟಿದೆ. ನಡೆಯುತ್ತಿರುವುದು ಕೃತಕ ಅಭಾವದ ವ್ಯಾಪಾರ.

ಸಂಖ್ಯೆಗೆ ಒಂದು ಕಾಲಕ್ಕೆ ಅರ್ಥವಿತ್ತು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ ಅಚ್ಚು ತೆಗೆಯುವಾಗ ಪ್ರೆಸ್ಸಿನ ಒತ್ತಡಕ್ಕೆ ಗೀರು ಸವೆಯುತ್ತದೆ. ಮೊದಲ ಪ್ರತಿಯ ಗಾಢತೆ ಐವತ್ತನೆಯದರಲ್ಲಿ ಇರುವುದಿಲ್ಲ. ಸ್ಕ್ರೀನ್ ಪ್ರಿಂಟ್‌ಗೆ ಆ ಕಷ್ಟವಿಲ್ಲ. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಶಾಯಿ ಎಳೆಯುವ ರಬ್ಬರ್ ಪಟ್ಟಿ, ಬಣ್ಣಕ್ಕೊಂದು ಸ್ಕ್ರೀನ್: ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ಲಗ್ನಪತ್ರಿಕೆಗಳು ಅಚ್ಚಾದದ್ದು ಹೀಗೆಯೇ. ಸಾವಿರದ ಪತ್ರಿಕೆಯೂ ಮೊದಲನೆಯದರಷ್ಟೇ ಸ್ವಚ್ಛ. ಇಲ್ಲಿ 250ಕ್ಕೆ ನಿಲ್ಲಿಸುವುದು ಮಾರುವವರ ತೀರ್ಮಾನ. ಅದರ ಮೇಲೂ ‘ಎ.ಪಿ.’ ಎಂಬ ಗುರುತಿನಲ್ಲಿ ಕಲಾವಿದರ ಪ್ರತಿಗಳು ಲೆಕ್ಕದ ಹೊರಗೆ ಉಳಿಯುತ್ತವೆ.

ಪಾಪ್ ಆರ್ಟ್‌ನ ದೊಡ್ಡ ಹೆಸರು ಆ್ಯಂಡಿ ವಾರ್ಹಾಲ್. 1967ರ ಮರ್ಲಿನ್ ಮನ್ರೋ ಚಿತ್ರಗಳು ಹತ್ತು. ಒಂದೊಂದಕ್ಕೂ 250 ಪ್ರತಿ, ಜೊತೆಗೆ 26 ಎ.ಪಿ. ಮೂಲ ಚಿತ್ರ ಸಿನಿಮಾ ಕಂಪನಿಯ ಪ್ರಚಾರದ ಫೋಟೊ. ಅಚ್ಚು ಹಾಕಿದ್ದು ನ್ಯೂಯಾರ್ಕಿನ ಒಂದು ವಾಣಿಜ್ಯ ಮುದ್ರಣಾಲಯ. ಮುಂದೆ ‘ಸಂಡೆ ಬಿ. ಮಾರ್ನಿಂಗ್’ ಹೆಸರಿನಲ್ಲಿ ಇನ್ನಷ್ಟು ಪ್ರತಿಗಳು ಹೊರಬಂದವು. ಅವುಗಳ ಹಿಂದೆ ‘ನಿಮ್ಮ ಸಹಿ ನೀವೇ ಹಾಕಿಕೊಳ್ಳಿ’ ಎಂಬ ಅರ್ಥದ ಮುದ್ರೆ. ಕೆಲವುದರ ಮೇಲೆ ವಾರ್ಹಾಲ್ ‘ಇದು ನನ್ನದಲ್ಲ’ ಎಂದು ಬರೆದು ಸಹಿ ಮಾಡಿದ. ಆ ಪ್ರತಿಗಳೂ ಹರಾಜಿಗೆ ಬರುತ್ತವೆ. ತನ್ನದಲ್ಲ ಎಂದು ಬರೆದ ಸಹಿಯೂ ಮಾರಾಟವಾಗುವುದಾದರೆ, ಕೊಳ್ಳುವವರಿಗೆ ಬೇಕಿರುವುದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇದೇ ಕಸುಬು ಚೆನ್ನೈನಲ್ಲಿ ಬೇರೆ ದಾರಿ ಹಿಡಿದಿದೆ. ಗೀತಾ ವುಲ್ಫ್ 1994ರಲ್ಲಿ ಆರಂಭಿಸಿದ ತಾರಾ ಬುಕ್ಸ್‌ನ ಹಲವು ಪುಸ್ತಕಗಳು ಎಎಂಎಂ ಸ್ಕ್ರೀನ್ಸ್ ಎಂಬ ಕಾರ್ಯಾಗಾರದಲ್ಲಿ ಕೈಯಿಂದಲೇ ಅಚ್ಚಾಗುತ್ತವೆ. ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್ ಸಿಂಗ್ ಉರ್ವೇತಿ ಅವರ ‘ದಿ ನೈಟ್ ಲೈಫ್ ಆಫ್ ಟ್ರೀಸ್’ 2006ರಲ್ಲಿ ಬಂತು. ಕಪ್ಪು ಕಾಗದದ ಮೇಲೆ ಬಣ್ಣದ ನಂತರ ಬಣ್ಣ. ಪ್ರತಿ ಹಾಳೆಯೂ ಒಂದು ಸ್ಕ್ರೀನ್ ಪ್ರಿಂಟ್. 2008ರಲ್ಲಿ ಅದಕ್ಕೆ ಬೊಲೊನ್ಯಾ ರಗಾಝಿ ಪ್ರಶಸ್ತಿ ಸಿಕ್ಕಿತು. ಪ್ರತಿಗಳಿಗೆ ಇಲ್ಲಿಯೂ ಸಂಖ್ಯೆಯಿದೆ. ಆದರೆ ಆ ಸಂಖ್ಯೆ ಬೇಲಿಯಾಗಿಲ್ಲ: ಓದುಗರು ಕೇಳಿದಂತೆಲ್ಲ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿದೆ, ಮುದ್ರಕರಿಗೆ ಮತ್ತೆ ಮತ್ತೆ ಕೆಲಸ ಸಿಕ್ಕಿದೆ.

ಹಾಗಾದರೆ ಸಹಿಯೇ ಬೇಡವೇ? ಬೇಕು. ಗೊಂಡ ಚಿತ್ರಗಳನ್ನು ‘ಬುಡಕಟ್ಟು ಕಲೆ’ ಎಂಬ ಒಂದೇ ಚೀಟಿಯಡಿ, ಬರೆದವರ ಹೆಸರಿಲ್ಲದೆ ಮಾರಿದ ಕಾಲವನ್ನು ಮರೆಯಲಾಗದು. ಅಂಥವರ ಹೆಸರು ಮುಖಪುಟಕ್ಕೆ ಬರುವುದು ನ್ಯಾಯ. ಚೆನ್ನೈನ ಸಿನಿಮಾ ಹೋರ್ಡಿಂಗ್‌ಗಳ ಬಗ್ಗೆ ತಾರಾ ತಂದ ಪುಸ್ತಕದಲ್ಲಿ ಹೋರ್ಡಿಂಗ್ ಕಲಾವಿದ ಎಂ.ಪಿ. ದಕ್ಷಿಣಾ ಅವರ ಹೆಸರೂ ಲೇಖಕರ ಸಾಲಿನಲ್ಲಿದೆ. ಬೀದಿಯಲ್ಲಿ ಎಲ್ಲರೂ ನೋಡಿದ, ಯಾರೂ ಹೆಸರು ಕೇಳದ ಕೈ ಅದು. ಕೆಲಸದ ಹೊಣೆ ಹೊರುವ ಸಹಿ ಒಂದು, ಬೆಲೆ ಏರಿಸುವ ಸಹಿ ಇನ್ನೊಂದು. ಎರಡನೆಯದು ಶಾಯಿ ಎಳೆದವನ ಹೆಸರನ್ನು ಸಾಮಾನ್ಯವಾಗಿ ನುಂಗಿಹಾಕುತ್ತದೆ.

ಸೀಮಿತ ಆವೃತ್ತಿಯಿಂದ ಕಲಾವಿದರ ಬದುಕು ನಡೆಯುತ್ತದೆ ಎಂಬ ವಾದವಿದೆ. ಮೊದಲ ಮಾರಾಟದ ಮಟ್ಟಿಗೆ ಅದು ಸರಿ. ಆಮೇಲೆ? ಭಾರತದ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 53ಎ ಪ್ರಕಾರ 10,000 ರೂಪಾಯಿ ಮೀರಿದ ಮರುಮಾರಾಟದಲ್ಲಿ ಕಲಾವಿದರಿಗೆ ಗರಿಷ್ಠ ಶೇ 10ರವರೆಗೆ ಪಾಲು ಸಿಗಬಹುದು. ಅಲ್ಲಿ ಹೇಳಿರುವುದು ವರ್ಣಚಿತ್ರ, ಶಿಲ್ಪ, ರೇಖಾಚಿತ್ರಗಳ ಮೂಲಪ್ರತಿ. ಅಚ್ಚಾದ ಪ್ರತಿಯ ಹೆಸರು ಆ ಪಟ್ಟಿಯಲ್ಲಿಲ್ಲ. 17/250ರ ಬೆಲೆ ಹತ್ತು ಪಟ್ಟಾದರೂ ಲಾಭ ಕೈ ಬದಲಿಸಿದವರಿಗೇ.

ರವಿವರ್ಮನ ಪ್ರೆಸ್ 1894ರಲ್ಲಿ ಮುಂಬಯಿಯಲ್ಲಿ ಶುರುವಾದಾಗ ಅಲ್ಲಿನ ಲಕ್ಷ್ಮಿ, ಸರಸ್ವತಿಯರಿಗೆ ಯಾರೂ ಇಂತಿಷ್ಟೇ ಎಂಬ ಮಿತಿ ಹಾಕಲಿಲ್ಲ. ಅವರು ದೇವರ ಕೋಣೆಗಳಿಗೆ ಹೋದರು, ಮಸಿ ಹಿಡಿದರು, ಗೆದ್ದಲಿಗೆ ಸಿಕ್ಕರು. ಉಳಿದವು ಇಂದು ಅಪರೂಪ, ಅದು ಕಾಲ ಮಾಡಿದ ಅಪರೂಪ. ಸ್ಕ್ರೀನ್ ಪ್ರಿಂಟ್ ಕೊಳ್ಳಹೊರಟವರು ಕೇಳಬೇಕಾದ ಪ್ರಶ್ನೆಗಳು ಮೂರೇ: ಒಟ್ಟು ಎಷ್ಟು ಪ್ರತಿ ಅಚ್ಚಾಗಿವೆ, ಯಾರು ಅಚ್ಚು ಹಾಕಿದರು, ಅವರಿಗೆ ಸಿಕ್ಕಿದ್ದೆಷ್ಟು? ಉತ್ತರ ಸಿಕ್ಕ ಮೇಲೆ ಕೆಳಗಿನ ಅಂಚನ್ನು ಅಂಗೈಯಿಂದ ಮುಚ್ಚಿ ಚಿತ್ರ ನೋಡಬೇಕು. ಆಗಲೂ ಮನಸ್ಸು ಬೇಕೆಂದರೆ ಕೊಳ್ಳಲಿ.