ಫೋನಿನೊಳಗಿನ ಅಂಗಡಿಗೆ ಕನ್ನಡದ ಬೋರ್ಡ್ ಬೇಡವೇ?

ಹೋದ ತಿಂಗಳು ನಮ್ಮ ಪ್ರೆಸ್ಸಿಗೆ ಡಿಗ್ರಿ ಓದುವ ಮೂವರು ಹುಡುಗರು ಬಂದರು. ಒಬ್ಬನ ಅಜ್ಜಿ ಮಾಡುವ ಗುರೆಳ್ಳು ಚಟ್ನಿಪುಡಿಯನ್ನು ಆನ್‌ಲೈನಿನಲ್ಲಿ ಮಾರಬೇಕಂತೆ. ಲೇಬಲ್ಲು, ವಿಸಿಟಿಂಗ್ ಕಾರ್ಡು ಬೇಕು ಅಂದರು. ಮ್ಯಾಟರ್ ನೋಡಿದೆ. ದುರ್ಬೀನು ಹಾಕಿ ಹುಡುಕಿದರೂ ಒಂದಕ್ಷರ ಕನ್ನಡ ಇಲ್ಲ!

"ಏನ್ರಪ್ಪಾ, ಒಂದು ಸಾಲಾದರೂ ಕನ್ನಡ ಬೇಡ್ವಾ?" ಅಂದೆ.

"ಕನ್ನಡ ಹಾಕಿದ್ರೆ ಲೋಕಲ್ ಅನ್ಸುತ್ತೆ ಅಂಕಲ್" ಅಂದರು.

ಪುಡಿ ಕುಟ್ಟುವವಳು ಅಜ್ಜಿ. ಆ ಅಜ್ಜಿಗೇ ತನ್ನ ಪುಡಿಯ ಪೊಟ್ಟಣದ ಮೇಲಿನ ಹೆಸರು ಓದಲು ಬಾರದು. ಇದು ಯಾವ ನ್ಯಾಯ?

ಬಂಧುಗಳೇ, ಆ ಹುಡುಗರನ್ನು ಬಯ್ಯಲು ಈ ಮಾತು ಹೇಳುತ್ತಿಲ್ಲ. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದು ನಾವು ಕೂಗಲು ಶುರುಮಾಡಿ ಎಷ್ಟು ಕಾಲವಾಯಿತು? 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ರಚನೆಯಾಯಿತು, 1986ರಲ್ಲಿ ವರದಿ ಬಂತು. ಆ ವರದಿಯ ಹೆಸರು ಹಿಡಿದು ಧರಣಿ ಕೂತವರಲ್ಲಿ ಎಷ್ಟೋ ಮಂದಿ ಈಗ ತಾತಂದಿರಾಗಿದ್ದಾರೆ. ಹೀಗಿರುವಾಗ ಯಾರ ಬಾಗಿಲನ್ನೂ ಕಾಯದೆ, ಓದುತ್ತಲೇ ಒಂದು ಸಣ್ಣ ವ್ಯಾಪಾರ ಮಾಡುತ್ತೇವೆ ಎಂದು ಹೊರಟ ಹುಡುಗರ ಬೆನ್ನು ತಟ್ಟಬೇಕು. ಆದರೆ ಬೆನ್ನು ತಟ್ಟುವಾಗಲೇ ಕಿವಿಯಲ್ಲಿ ಒಂದು ಮಾತನ್ನೂ ಹೇಳಬೇಕು. ಕನ್ನಡವನ್ನು ಬಿಟ್ಟು ವ್ಯಾಪಾರಕ್ಕೆ ಇಳಿಯುವುದೆಂದರೆ ಕೈಲಿರುವ ಬಂಡವಾಳವನ್ನು ಬೀದಿಗೆ ಎಸೆದು ಸಾಲಕ್ಕೆ ಅಲೆದಂತೆ.

ಒಂದು ಉದಾಹರಣೆ ನೋಡಿ. 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಇಬ್ಬರು ಯುವಕರು ಪುಸ್ತಕ ಮಾರುವ ಪುಟ್ಟ ಆನ್‌ಲೈನ್ ಅಂಗಡಿ ತೆರೆದರು. ಅದೇ ಫ್ಲಿಪ್‌ಕಾರ್ಟ್. ಕನ್ನಡದ ನೆಲದಲ್ಲಿ ಹುಟ್ಟಿದ ಈ ಅಂಗಡಿಯೊಳಗೆ ಕನ್ನಡ ಬಂದದ್ದು 2020ರಲ್ಲಿ, ಹದಿಮೂರು ವರ್ಷದ ಮೇಲೆ! ಹಿಂದಿ ಅದಕ್ಕೂ ಮೊದಲು, 2019ರಲ್ಲೇ ಒಳಗೆ ಕೂತಿತ್ತು. ಅಮೆಜಾನ್ ಕೂಡ ಅದೇ 2020ರಲ್ಲಿ ಕನ್ನಡ ಕಲಿಯಿತು. ಇವರಿಗೆ ಕನ್ನಡದ ಮೇಲೆ ದಿಢೀರನೆ ಪ್ರೀತಿ ಉಕ್ಕಿತೇ? ಇಲ್ಲ. ದೊಡ್ಡ ಊರಿನ ಗಿರಾಕಿಗಳು ಮುಗಿದರು, ಸಣ್ಣ ಊರಿನ ಗಿರಾಕಿ ಬೇಕಾದ. ಅವನ ಮನೆಯ ಬಾಗಿಲು ಕನ್ನಡದಲ್ಲಿ ಕರೆದರೆ ಮಾತ್ರ ತೆರೆಯುತ್ತದೆ ಎಂದು ಸಾವಿರಾರು ಕೋಟಿಯ ಕಂಪನಿಗಳಿಗೆ ಗೊತ್ತಾಯಿತು. ನಮ್ಮ ಹುಡುಗರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಹಾಗಾದರೆ ಓದುವ ಹುಡುಗ ಹುಡುಗಿಯರು ಏನು ಮಾಡಬಹುದು? ನನ್ನ ಕಸುಬಿನಿಂದಲೇ ಹೇಳುತ್ತೇನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ನಮ್ಮಂಥ ಪ್ರೆಸ್ಸುಗಳಲ್ಲಿ, ಪ್ರಕಾಶಕರ ಮನೆಗಳಲ್ಲಿ ರಾಶಿ ರಾಶಿ ಪುಸ್ತಕಗಳು ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲೇ ಕೊಳೆಯುತ್ತಿವೆ. ಅವನ್ನು ಹಾಗೇ ಫೋನಿಗೆ ಹಾಕಿದರೆ ಕಾಣುವುದು ಬರೀ ಕಲಸುಮೇಲೋಗರ. ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಬಿಟ್ಟಿಯಾಗಿಯೇ ಸಿಗುತ್ತದೆ. ಬದಲಿಸಿದ ಮೇಲೆ ನೋಡಿದರೆ ಅರ್ಕಾವತ್ತು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ! ಅದನ್ನು ಸಾಲು ಸಾಲಾಗಿ ತಿದ್ದಲು ಯಂತ್ರ ಸಾಲದು, ಕನ್ನಡ ಬಲ್ಲ ಕಣ್ಣು ಬೇಕು. ಪುಟಕ್ಕೆ ಇಷ್ಟು ಎಂದು ದರ ಗೊತ್ತುಮಾಡಿಕೊಂಡು ಹಾಸ್ಟೆಲಿನಲ್ಲೇ ಕೂತು ಮಾಡಬಹುದಾದ ಕೆಲಸ ಇದು. ಬೇಕಾದದ್ದು ಒಂದು ಹಳೆಯ ಕಂಪ್ಯೂಟರ್, ತಾಳ್ಮೆ, ಮತ್ತು ಒಳ್ಳೆಯ ಕನ್ನಡ.

ಇನ್ನೊಂದು. ದೊಡ್ಡ ಕಂಪನಿಗಳ ಜಾಹೀರಾತಿನ ಕನ್ನಡ ಓದಿ ನೀವು ನಕ್ಕಿರುತ್ತೀರಿ. ಯಂತ್ರಕ್ಕೆ ಅನುವಾದ ಮಾಡಿಸಿ ಹಾಗೇ ಅಚ್ಚು ಹಾಕಿಸುತ್ತಾರೆ. ಅಂಥದ್ದನ್ನು ತಿದ್ದಿಕೊಡುವ ನಾಲ್ಕು ವಿದ್ಯಾರ್ಥಿಗಳ ಗುಂಪು ಪ್ರತಿ ಊರಲ್ಲೂ ಏಕಿರಬಾರದು? ಬೆಂಗಳೂರಿಗೆ ಬಂದಿಳಿದ ಪರಭಾಷಿಕರಿಗೆ ಸಂಜೆ ಒಂದು ಗಂಟೆ ವಿಡಿಯೋದಲ್ಲಿ ಮಾತಾಡುವ ಕನ್ನಡ ಕಲಿಸಿ ಶುಲ್ಕ ಪಡೆಯಬಹುದು. ಇದರಲ್ಲಿ ದುಡ್ಡೂ ಇದೆ, ಚಳವಳಿಯೂ ಇದೆ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ನೇಯುವವರ ಮಕ್ಕಳು ಕಾಲೇಜಿನಲ್ಲಿದ್ದಾರೆ. ಮಗ್ಗದ ಮುಂದೆಯೇ ಫೋಟೋ ತೆಗೆದು, ನೂಲು ಯಾವುದು, ಅಂಚು ಯಾವುದು, ನೇಯಲು ಎಷ್ಟು ದಿನ ಹಿಡಿಯಿತು ಎಂದು ಕನ್ನಡದಲ್ಲಿ ಬರೆದು ಹಾಕಲಿ. ಮಧ್ಯವರ್ತಿಗೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ಮನೆಗೇ ಉಳಿಯುತ್ತದೆ.

ಎರಡು ಎಚ್ಚರಿಕೆ. "ಮನೆಯಲ್ಲೇ ಕೂತು ಲಕ್ಷ ಗಳಿಸಿ, ಮೊದಲು ಇಷ್ಟು ಕಟ್ಟಿ" ಎನ್ನುವವರಿಗೆ ಬಿಡಿಗಾಸೂ ಕೊಡಬೇಡಿ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. ದುಡ್ಡು ಕೇಳುವವನು ದಲ್ಲಾಳಿ. ಎರಡನೆಯದು ಲೆಕ್ಕ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನಮ್ಮ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಎಷ್ಟು ಜನ ಬೆವತರು, ನೆನಪಿದೆಯೇ? ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 2023ರ ಅಕ್ಟೋಬರ್ 1ರಿಂದ, ಆ ಮಿತಿಯೊಳಗಿನವರು ರಾಜ್ಯದೊಳಗೆ ಆನ್‌ಲೈನ್ ಕಂಪನಿಗಳ ಮೂಲಕ ಸರಕು ಮಾರಲು ಪೂರ್ತಿ ನೋಂದಣಿ ಬೇಕಿಲ್ಲ, ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ರಾಜ್ಯದ ಗಡಿ ದಾಟಿ ಮಾರುವುದಾದರೆ ನಿಯಮ ಬೇರೆ, ಕೇಳಿ ತಿಳಿದುಕೊಳ್ಳಿ. ತಿನ್ನುವ ಪದಾರ್ಥವಾದರೆ ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಬಂದ ಪ್ರತಿ ರೂಪಾಯಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಈಗ ನಿಜವಾದ ಹುಣ್ಣಿಗೆ ಬರೋಣ. ಪೊಟ್ಟಣದ ಸರಕಿನ ಮೇಲೆ ತೂಕ, ಬೆಲೆ, ತಯಾರಕರ ವಿಳಾಸ ಯಾವ ಭಾಷೆಯಲ್ಲಿ ಇರಬೇಕು ಎನ್ನುವುದಕ್ಕೆ 2011ರ ಕೇಂದ್ರ ನಿಯಮವೊಂದಿದೆ. ಅದರ ಪ್ರಕಾರ ಒಂದೋ ದೇವನಾಗರಿ ಲಿಪಿಯ ಹಿಂದಿ, ಇಲ್ಲವೇ ಇಂಗ್ಲಿಷ್. ಬೇರೆ ಭಾಷೆಗಳನ್ನು "ಜೊತೆಗೆ" ಬೇಕಾದರೆ ಹಾಕಿಕೊಳ್ಳಬಹುದಂತೆ! ಅಂದರೆ ಹಿಂದಿಯೊಂದೇ ಇದ್ದರೆ ಕಾನೂನಿಗೆ ಸರಿ, ಕನ್ನಡವೊಂದೇ ಇದ್ದರೆ ತಪ್ಪು. ಆಹಾರದ ಲೇಬಲ್ಲಿಗೂ ಇದೇ ಕಥೆ. ಕನ್ನಡದ ಅಜ್ಜಿ ಕುಟ್ಟಿದ ಪುಡಿಯನ್ನು ಕನ್ನಡದ ಮನೆಗೆ ಮಾರಲು ಕನ್ನಡವೊಂದೇ ಸಾಲದು ಎನ್ನುವ ಈ ನಿಯಮ ನಮಗೆ ಅವಮಾನವಲ್ಲವೇ?

ಬೀದಿಯ ಬೋರ್ಡಿಗಾಗಿ ಹೋರಾಡಿದೆವು. 2024ರ ತಿದ್ದುಪಡಿಯಿಂದ ನಾಮಫಲಕದಲ್ಲಿ ಶೇಕಡ 60 ಕನ್ನಡ ಕಡ್ಡಾಯವಾಯಿತು. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡವೂ ಇರಬೇಕು ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರದ ಆದೇಶ ಬಂತು. ಸಂತೋಷ. ಆದರೆ ಅಂಗಡಿಗಳು ಈಗ ಬೀದಿಯಿಂದ ಫೋನಿನೊಳಕ್ಕೆ ಹೋಗುತ್ತಿವೆ. ಅಲ್ಲಿಯ ಬೋರ್ಡಿಗೆ ಯಾರು ಮಸಿ ಬಳಿಯುತ್ತೀರಿ? ಅಲ್ಲಿ ಕೂತಿರುವವರು ನಮ್ಮ ಮಕ್ಕಳೇ!

ಆದ್ದರಿಂದ ನಮ್ಮ ಒತ್ತಾಯಗಳು ಇವು. ಪೊಟ್ಟಣದ ಮೇಲೆ ಕನ್ನಡವೊಂದೇ ಇದ್ದರೂ ಸಾಕು ಎಂದು ಕೇಂದ್ರದ ನಿಯಮ ಬದಲಾಗಲಿ. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಲಿ. ಬ್ಯಾಂಕಿನ ಅರ್ಜಿ, ತೆರಿಗೆಯ ನೋಟಿಸು, ಆನ್‌ಲೈನ್ ಕಂಪನಿಗಳು ಮಾರಾಟಗಾರರಿಗೆ ಹಾಕುವ ಷರತ್ತು ಎಲ್ಲವೂ ಕನ್ನಡದಲ್ಲಿ ಸಿಗಲಿ. ಕಾಲೇಜುಗಳು ವರ್ಷಕ್ಕೆ ಒಂದು ದಿನವಾದರೂ ವಿದ್ಯಾರ್ಥಿಗಳಿಗೆ ವ್ಯಾಪಾರದ ಲೆಕ್ಕವನ್ನು ಕನ್ನಡದಲ್ಲಿ ಹೇಳಿಕೊಡಲಿ. ಮತ್ತು ಕನ್ನಡ ಸಂಘಟನೆಗಳ ಗೆಳೆಯರೇ, ರಾಜ್ಯೋತ್ಸವದ ಹಾರ ತುರಾಯಿಯ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಈ ಹುಡುಗರ ಸರಕು ಕೊಳ್ಳಿ.

ನನ್ನದೂ ತಪ್ಪಿದೆ, ಒಪ್ಪುತ್ತೇನೆ. ಇಂಗ್ಲಿಷ್ ಕಾರ್ಡು ಕೇಳಿದವರಿಗೆಲ್ಲ ಇಷ್ಟು ವರ್ಷ ತುಟಿ ಬಿಚ್ಚದೆ ಅಚ್ಚು ಹಾಕಿ ದುಡ್ಡು ಎಣಿಸಿದವನು ನಾನು. ಈಗ ಬಂದವರನ್ನೆಲ್ಲ ಒಂದು ಮಾತು ಕೇಳುತ್ತೇನೆ. ಆ ಮೂವರು ಹುಡುಗರನ್ನೂ ಕೂರಿಸಿ, ಟೀ ಕೊಟ್ಟು, ಮಾತಾಡಿದೆ. ಕೊನೆಗೆ ಲೇಬಲ್ಲಿನ ಮೇಲೆ ದಪ್ಪಕ್ಷರದಲ್ಲಿ "ಗುರೆಳ್ಳು ಚಟ್ನಿಪುಡಿ" ಎಂದು ಬಂತು. ಕಾನೂನು ಕೇಳುವಷ್ಟು ಇಂಗ್ಲಿಷ್ ಕೆಳಗೆ ಸಣ್ಣದಾಗಿ ಕೂತಿತು. ಮೊದಲ ಪ್ರತಿಯನ್ನು ಅಜ್ಜಿಗೆ ತೋರಿಸಿ ಬನ್ನಿ ಅಂದೆ.

ಮಾರನೆಯ ದಿನ ಬಂದು ಇನ್ನೂ ಐನೂರು ಲೇಬಲ್ಲಿಗೆ ಆರ್ಡರ್ ಕೊಟ್ಟು ಹೋದರು.

ಸಿರಿಗನ್ನಡಂ ಗೆಲ್ಗೆ!