ಬೀಗ ಬದಲಾಯಿತು ಸರಿ, ಹೊರಗೆ ಉಳಿದವರನ್ನು ಎಣಿಸಿದ್ದು ಯಾರು?

ವೆಬ್‌ಸೈಟ್‌ಗಳ ಭದ್ರತೆ ಬಿಗಿ ಮಾಡುವುದಕ್ಕೆ ನನ್ನ ತಕರಾರಿಲ್ಲ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಕಾಡುವ ಪ್ರಶ್ನೆ ಬೇರೆ: ಬಿಗಿ ಮಾಡಿದ ಮರುದಿನ ಯಾರ ಮೊಬೈಲ್‌ನಲ್ಲಿ ಆ ಸೈಟ್ ತೆರೆಯುವುದು ನಿಂತುಹೋಯಿತು? ಪಹಣಿಯಿಂದ ಸ್ಕಾಲರ್‌ಶಿಪ್‌ವರೆಗೆ ಎಲ್ಲವೂ ಆನ್‌ಲೈನ್ ಆಗಿರುವ ನಮ್ಮ ರಾಜ್ಯದಲ್ಲಿ ಇದು ಬರೀ ಐಟಿ ವಿಭಾಗದ ತಲೆನೋವಲ್ಲ, ಹಕ್ಕಿನ ಪ್ರಶ್ನೆ.

ಆಗುವುದಿಷ್ಟು. ನಾವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದಂತೆ ಕಾಯುವ ವ್ಯವಸ್ಥೆಯ ಹೆಸರು ಟಿಎಲ್‌ಎಸ್. ಅದರ ಯಾವ ಆವೃತ್ತಿ ಬಳಸಬೇಕೆಂದು ಬ್ರೌಸರ್ ಮತ್ತು ಸರ್ವರ್ ಮೊದಲೇ ಒಪ್ಪಿಕೊಳ್ಳಬೇಕು. ಇಬ್ಬರಿಗೂ ಗೊತ್ತಿರುವಂಥದ್ದು ಒಂದೂ ಇಲ್ಲದಿದ್ದರೆ ಸಂಪರ್ಕ ಅಲ್ಲಿಗೇ ಕಟ್. ಪುಟವೇ ತೆರೆಯದ ಮೇಲೆ 'ನಿಮ್ಮ ಫೋನ್ ಹಳೆಯದು' ಎಂದು ಹೇಳಲು ಸೈಟ್‌ಗೂ ಅವಕಾಶವಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಹೀಗೆ ಬಾಗಿಲಲ್ಲೇ ವಾಪಸಾದವರು ಭೇಟಿ ಕೊಟ್ಟವರ ಲೆಕ್ಕಕ್ಕೆ ಬರುವುದೇ ಇಲ್ಲ. ಅಧಿಕಾರಿಯ ಕಣ್ಣಿಗೆ ಎಲ್ಲವೂ ಸರಿ ಇದೆ.

ಹಾಗಂತ ಹಳೇ ಬಾಗಿಲನ್ನು ತೆರೆದೇ ಇಡೋಣವೇ? ಅದೂ ಆಗಲ್ಲ. ಹೊಸ ಬ್ರೌಸರನ್ನೂ ಹಳೆಯ, ದುರ್ಬಲ ಆವೃತ್ತಿಗೆ ಎಳೆದು ತಂದು ಮಾಹಿತಿ ಕದಿಯಬಹುದೆಂದು 2014ರಲ್ಲಿ ಬಯಲಾದ 'ಪೂಡಲ್' ದೋಷ ತೋರಿಸಿಕೊಟ್ಟಿತು. 1999ರ ಟಿಎಲ್‌ಎಸ್ 1.0 ಮತ್ತು 2006ರ 1.1 ಆವೃತ್ತಿಗಳನ್ನು ಕೈಬಿಡುವುದಾಗಿ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ 2018ರಲ್ಲಿ ಘೋಷಿಸಿದ್ದು ಸರಿಯಾದ ನಿರ್ಧಾರವೇ.

ಆದರೆ ಜಾರಿ ಮಾಡುವಾಗ ಜನರನ್ನು ನೋಡಬೇಕು. 2020ರ ಮಾರ್ಚ್‌ನಲ್ಲಿ ಮೊಜಿಲ್ಲಾ ತನ್ನ ಫೈರ್‌ಫಾಕ್ಸ್‌ನಲ್ಲಿ ಅವೆರಡನ್ನೂ ಬಂದ್ ಮಾಡಿತು. ಅಷ್ಟರಲ್ಲಿ ಕೋವಿಡ್ ಬಂತು. ಇಲ್ಲಿ ಹಳೆಯದಾಗಿದ್ದು ಜನರ ಬ್ರೌಸರ್ ಅಲ್ಲ, ಕೆಲವು ಸರ್ಕಾರಿ ಸೈಟ್‌ಗಳು. ಅಲ್ಲಿನ ಕೋವಿಡ್ ಮಾಹಿತಿ ಜನರಿಗೆ ತಪ್ಪಬಾರದೆಂದು ಮೊಜಿಲ್ಲಾ ತಾತ್ಕಾಲಿಕವಾಗಿ ಹಿಂದೆ ಸರಿಯಿತು.

ಅದೇ ವರ್ಷ, ಸೈಟ್‌ಗಳಿಗೆ ಉಚಿತ ಪ್ರಮಾಣಪತ್ರ ಕೊಡುವ 'ಲೆಟ್ಸ್ ಎನ್‌ಕ್ರಿಪ್ಟ್' ಮೊದಲು ಲೆಕ್ಕ ಹಾಕಿತು: ಸುಮಾರು ಮೂರರಲ್ಲಿ ಒಂದು ಆಂಡ್ರಾಯ್ಡ್ ಸಾಧನ ತನ್ನ ಹೊಸ ಮೂಲ ಪ್ರಮಾಣಪತ್ರವನ್ನು ನಂಬುವುದಿಲ್ಲ ಎಂದು ಗೊತ್ತಾಯಿತು. ಅದನ್ನು ಬಹಿರಂಗವಾಗಿಯೇ ಹೇಳಿತು. ಹಳೇ ಫೋನ್‌ನಲ್ಲಿ ಫೈರ್‌ಫಾಕ್ಸ್ ಹಾಕಿಕೊಳ್ಳಿ ಎಂದು ದಾರಿ ತೋರಿಸಿತು. ಆಮೇಲೆ ಮತ್ತೊಂದು ಪ್ರಮಾಣಪತ್ರ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ಮೂರು ವರ್ಷ ಕಾಲಾವಕಾಶ ಗಳಿಸಿತು. ಎಣಿಸುವುದು, ಹೇಳುವುದು, ದಾರಿ ತೋರಿಸುವುದು, ಸಮಯ ಕೊಡುವುದು. ಭದ್ರತೆಯೂ ಉಳಿಯಿತು, ಜನರೂ ಉಳಿದರು.

ನಮ್ಮ ಇಲಾಖೆಗಳಿಂದ ಕೇಳಬೇಕಾದ್ದೂ ಇದನ್ನೇ. ಹಳೆಯದನ್ನು ಮುಚ್ಚುವ ಮೊದಲು ಕೆಲವು ವಾರ, ಯಾವ ಆವೃತ್ತಿಯಲ್ಲಿ ಎಷ್ಟು ಜನ ಬರುತ್ತಿದ್ದಾರೆ ಎಂದು ದಾಖಲಿಸಿ. ಸರ್ವರ್‌ನ ಲಾಗ್‌ನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. 1.3 ಒಂದನ್ನೇ ಇಡುವ ಉತ್ಸಾಹ ಬೇಡ, 1.2 ಕೂಡ ಇರಲಿ. ಸಾಮಾನ್ಯ ಸೈಟ್‌ಗಳಿಗೆ ಮೊಜಿಲ್ಲಾ ಸಲಹೆಯೂ ಅದೇ. ಮುಚ್ಚುವ ದಿನಾಂಕವನ್ನು ಕನ್ನಡದಲ್ಲಿ ಮುಂಚಿತವಾಗಿ ಪ್ರಕಟಿಸಿ. ಅರ್ಜಿಯ ಕೊನೇ ದಿನ ಹತ್ತಿರ ಇರುವಾಗ ಸೆಟ್ಟಿಂಗ್ ಮುಟ್ಟಬೇಡಿ.

ಹೊಸ ಫೋನ್ ಕೊಳ್ಳಲಾಗದವರ ಹಕ್ಕು ಕಾನ್ಫಿಗರೇಷನ್ ಫೈಲಿನ ಒಂದು ಸಾಲಿನಲ್ಲಿ ಸದ್ದಿಲ್ಲದೆ ಅಳಿಸಿಹೋಗಬಾರದು.